ಕೋಳಿ ಶೆಡ್ಡಿನಿಂದ ಬಂದ ರೇಸ್ ಡ್ರೈವರ್: ಕ್ಯಾರಲ್ ಶೆಲ್ಬಿಯ 1952

ಬ್ರಾಯ್ಲರ್ ಕೋಳಿ ಸಾಕಿದವರಿಗೆ ಎರಡನೇ ಬ್ಯಾಚಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಬ್ಯಾಚಿನಲ್ಲಿ ಕೈಗೆ ನಾಲ್ಕು ಕಾಸು ಬಂದಿರುತ್ತದೆ. ಅದೇ ಧೈರ್ಯದ ಮೇಲೆ ಸಾಲ ಮಾಡಿ ಶೆಡ್ ತುಂಬಿಸಿರುತ್ತೇವೆ. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ತುಂಬ ಸತ್ತ ಕೋಳಿ.

ಅಮೆರಿಕದ ಟೆಕ್ಸಸ್ ರಾಜ್ಯದ ಕ್ಯಾರಲ್ ಶೆಲ್ಬಿಗೆ ಆದದ್ದೂ ಇದೇ. ಮೊದಲ ಬ್ಯಾಚಿನಲ್ಲಿ 5,000 ಡಾಲರ್ ಲಾಭ. ಎರಡನೆಯದಕ್ಕೆ ಲಿಂಬರ್‌ನೆಕ್ ಎಂಬ ಕಾಯಿಲೆ ಬಂತು. ಕೊಳೆತ ಪದಾರ್ಥದಲ್ಲಿ ಹುಟ್ಟುವ ವಿಷ ಹೊಟ್ಟೆಗೆ ಹೋದರೆ ಕೋಳಿಗೆ ಕತ್ತು ಎತ್ತಲಾಗುವುದಿಲ್ಲ, ಜೋತುಬೀಳುತ್ತದೆ, ಸಾಯುತ್ತದೆ. ಆ ಬ್ಯಾಚು ಹೋಯಿತು, ಶೆಲ್ಬಿ ದಿವಾಳಿಯಾದ.

ಮನೆಯಲ್ಲಿ ಹೆಂಡತಿ, ಮೂರು ಪುಟ್ಟ ಮಕ್ಕಳು. ಇಂಥ ಹೊತ್ತಿನಲ್ಲಿ, 1952ರಲ್ಲಿ, 29ನೇ ವಯಸ್ಸಿಗೆ ಈ ಮನುಷ್ಯ ಹಿಡಿದ ಹೊಸ ಹುಚ್ಚು ಕಾರ್ ರೇಸು. ಅದೂ ಗೆದ್ದರೆ ಕಪ್ಪು ಕೊಡುವ, ಕಾಸು ಕೊಡದ ರೇಸು. ನಮ್ಮೂರಲ್ಲಾಗಿದ್ದರೆ ಕಟ್ಟೆಯ ಮೇಲೆ ಕೂತವರು ಏನೆನ್ನುತ್ತಿದ್ದರೋ ಊಹಿಸಿಕೊಳ್ಳಿ.

ಶೆಲ್ಬಿ ಹುಟ್ಟಿದ್ದು 1923ರ ಜನವರಿ 11ರಂದು, ಲೀಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಹಳ್ಳಿಗಳಿಗೆ ಟಪಾಲು ಹಂಚುವ ಪೋಸ್ಟ್‌ಮನ್. ಹುಡುಗನಿಗೆ ಏಳು ವರ್ಷವಾದಾಗ ಹೃದಯದ ಕವಾಟ ಸೋರುತ್ತಿದೆ ಎಂದು ಗೊತ್ತಾಯಿತು. ಓರಗೆಯವರು ಆಡುವ ಹೊತ್ತಿನಲ್ಲಿ ಇವನು ಹಾಸಿಗೆಯಲ್ಲಿ ಮಲಗಿರಬೇಕಿತ್ತು. ದೊಡ್ಡವನಾಗುತ್ತಾ ಅದು ವಾಸಿಯಾಯಿತೆಂದೇ ಎಲ್ಲರೂ ತಿಳಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಸೇನೆಗೆ ಸೇರಿ, ಇತರರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಕೆಲಸಕ್ಕೆ ನಿಂತ. ಮದುವೆಯಾಗಲಿದ್ದ ಹುಡುಗಿಗೆ ಪತ್ರ ಬರೆದು, ಅದನ್ನು ಬೂಟಿನೊಳಗೆ ತುರುಕಿ, ವಿಮಾನದಿಂದ ಅವಳ ಜಮೀನಿಗೆ ಎಸೆಯುತ್ತಿದ್ದನಂತೆ! ಪೋಸ್ಟ್‌ಮನ್ ಮಗ ಅಲ್ಲವೇ.

ಯುದ್ಧ ಮುಗಿದ ಮೇಲೆ ಲಾರಿ ವ್ಯವಹಾರ, ತೈಲಬಾವಿಯ ಕೂಲಿ, ಕೊನೆಗೆ ಕೋಳಿ.

ಆಗ ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರ್ ಎಂಬುದೇ ಹೊಸ ಸರಕು. ಯುದ್ಧಕ್ಕೆಂದು ಯುರೋಪಿಗೆ ಹೋದ ಸೈನಿಕರು ಅಲ್ಲಿನ ಪುಟ್ಟ, ಎರಡು ಸೀಟಿನ, ಮೇಲ್ಛಾವಣಿ ಮಡಚುವ ಕಾರುಗಳನ್ನು ನೋಡಿ ಮರುಳಾಗಿದ್ದರು. ಅದರಲ್ಲಿ ಹೆಚ್ಚು ಹೆಸರಾದದ್ದು ಬ್ರಿಟನ್ನಿನ ಎಂಜಿ ಟಿಸಿ. ಎಂಜಿನ್ ಬರೀ 1,250 ಸಿಸಿ, ಶಕ್ತಿ ಸುಮಾರು 54 ಹಾರ್ಸ್‌ಪವರ್. ಸ್ಟಿಯರಿಂಗ್ ನಮ್ಮ ಕಾರುಗಳಂತೆ ಬಲಗಡೆ. ಅಮೆರಿಕದವರಿಗೆ ಅದೇ ಒಂದು ವಿಚಿತ್ರ.

1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಈ ಕಾರುಗಳ ರೇಸು ನಡೆಸತೊಡಗಿತು. ಮುಖ್ಯ ನಿಯಮ ಒಂದೇ: ಓಡಿಸುವವರು ಹವ್ಯಾಸಿಗಳಾಗಿರಬೇಕು, ದುಡ್ಡು ಮುಟ್ಟಬಾರದು. ಕೇಳಲು ದೊಡ್ಡ ಆದರ್ಶವೇ. ಆದರೆ ದುಡ್ಡು ಮುಟ್ಟದೆ ರೇಸ್ ಮಾಡಲು ಮೊದಲೇ ದುಡ್ಡಿರಬೇಕಲ್ಲ? ಕಾರು, ಟೈರು, ಪೆಟ್ರೋಲು, ಊರಿಂದೂರಿಗೆ ಸಾಗಿಸುವ ಖರ್ಚು. ಆ ನಿಯಮ ಬಡವರನ್ನು ಹೊರಗಿಡಲೆಂದೇ ಮಾಡಿದ್ದು ಅಂತ ನಾನು ಹೇಳುವುದಿಲ್ಲ, ಆದರೆ ಮಾಡಿದ್ದು ಅದೇ ಕೆಲಸ.

ಶೆಲ್ಬಿ ಒಳಗೆ ನುಗ್ಗಿದ್ದು ಒಂದೇ ಸಂದಿಯಿಂದ. ಕಾರು ಕೊಳ್ಳುವ ತಾಕತ್ತಿದ್ದ ಎಲ್ಲರಿಗೂ ಅದನ್ನು ಜೋರಾಗಿ ಓಡಿಸುವ ಕೈ ಇರಲಿಲ್ಲ. ಕಂಬಳದಲ್ಲಿ ಕೋಣದ ಯಜಮಾನ ಒಬ್ಬ, ಓಡಿಸುವವನು ಇನ್ನೊಬ್ಬ. ಇಲ್ಲೂ ಹಾಗೇ ಆಯಿತು.

1952ರ ಜನವರಿಯಲ್ಲಿ ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ನೌಕಾಪಡೆ ವಿಮಾನ ನೆಲೆಯಲ್ಲಿ, ಫೋರ್ಡ್ ವಿ8 ಎಂಜಿನ್ ಕೂರಿಸಿದ ಬಿಚ್ಚುಗಾರಿನಲ್ಲಿ ಕಾಲು ಮೈಲಿಯ ನೇರ ಓಟ ಓಡಿದ. ತಿರುವುಗಳಿರುವ ನಿಜವಾದ ರೇಸ್ ಸಿಕ್ಕಿದ್ದು ಮೇ ತಿಂಗಳಲ್ಲಿ, ಪಕ್ಕದ ಒಕ್ಲಹೋಮ ರಾಜ್ಯದ ನಾರ್ಮನ್ ಊರಿನಲ್ಲಿ. ಗೆಳೆಯ ಎಡ್ ವಿಲ್ಕಿನ್ಸ್ ತನ್ನ ಎಂಜಿ ಟಿಸಿಯನ್ನು ಇವನ ಕೈಗೆ ಕೊಟ್ಟ. ಎಂಜಿಗಳ ಓಟದಲ್ಲಿ ಶೆಲ್ಬಿ ಮೊದಲಿಗನಾದ.

ಅದೇ ದಿನ ಇನ್ನೊಂದು ಓಟ. ಎದುರಿಗೆ ಜಾಗ್ವಾರ್ ಎಕ್ಸ್‌ಕೆ120ಗಳು. ಅವುಗಳ ಎಂಜಿನ್ 3.4 ಲೀಟರ್, ಶಕ್ತಿ 160 ಹಾರ್ಸ್‌ಪವರ್, ಅಂದರೆ ಎಂಜಿಯ ಮೂರರಷ್ಟು. ಹೆಸರಿನಲ್ಲಿರುವ 120 ಎಂದರೆ ಗಂಟೆಗೆ ಅಷ್ಟು ಮೈಲಿ ವೇಗ, ಸುಮಾರು 193 ಕಿಲೋಮೀಟರ್. ಶೆಲ್ಬಿ ಅದೇ ಪುಟ್ಟ ಎಂಜಿಯಲ್ಲಿ ಅವುಗಳ ಮಧ್ಯೆ ಇಳಿದು, ಆ ಓಟವನ್ನೂ ಗೆದ್ದ.

ಇಂಥ ಸುದ್ದಿ ಕಾರಿನ ಯಜಮಾನರ ಕಿವಿಗೆ ಬೀಳದೆ ಇರುತ್ತದೆಯೇ? ವರ್ಷ ಮುಗಿಯುವಷ್ಟರಲ್ಲಿ ಇವನ ಕೈಗೆ ಜಾಗ್ವಾರೂ ಬಂತು, ಅಲರ್ಡೂ ಬಂತು. ಅಲರ್ಡ್ ಎಂದರೆ ಬ್ರಿಟನ್ನಿನ ಹಗುರ ದೇಹಕ್ಕೆ ಅಮೆರಿಕದ 5.4 ಲೀಟರ್ ಕ್ಯಾಡಿಲಾಕ್ ಎಂಜಿನ್ ಹಾಕಿದ ಒರಟು ಗಾಡಿ. ನವೆಂಬರಿನಲ್ಲಿ ಟೆಕ್ಸಸ್‌ನ ಕ್ಯಾಡೋ ಮಿಲ್ಸ್‌ನಲ್ಲಿ ಅದನ್ನೂ ಗೆಲ್ಲಿಸಿದ. ಮೊದಲ ವರ್ಷದ ಈ ಗೆಲುವುಗಳೆಲ್ಲ ಬೇರೆಯವರ ಕಾರಿನಲ್ಲಿ. ಮನೆಗೆ ತಂದದ್ದು ಕಪ್ಪುಗಳನ್ನು. ಆ ಕಪ್ಪಿನಲ್ಲಿ ಗಂಜಿ ಕುಡಿಯಲಾಗುತ್ತದೆಯೇ ಎಂದು ಹೆಂಡತಿ ಕೇಳಿದ್ದರೂ ತಪ್ಪಿರಲಿಲ್ಲ.

ಅಪಾಯವೂ ಹುಡುಗಾಟದ್ದಲ್ಲ. ಅದೇ 1952ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಊರಿನ ಬೀದಿಯಲ್ಲಿ ರೇಸು ನಡೆಯುವಾಗ ಒಂದು ಅಲರ್ಡ್ ಕಾರು ಜನರಿಗೆ ತಾಗಿ ಏಳು ವರ್ಷದ ಹುಡುಗನೊಬ್ಬ ಸತ್ತ. ರಸ್ತೆ ಬದಿಯಲ್ಲಿ ಕೂತು ನೋಡುತ್ತಿದ್ದ ಮಗು. ಊರ ಬೀದಿಯ ರೇಸುಗಳಿಗೆ ಆಮೇಲೆ ಉಳಿಗಾಲವಿರಲಿಲ್ಲ. ವಾಯುಪಡೆಯ ಜನರಲ್ ಕರ್ಟಿಸ್ ಲಿಮೇಗೆ ಸ್ಪೋರ್ಟ್ಸ್ ಕಾರಿನ ಹುಚ್ಚಿತ್ತು. ಆತ ಬಾಂಬರ್ ವಿಮಾನಗಳ ನೆಲೆಗಳನ್ನೇ ರೇಸಿಗೆ ಬಿಟ್ಟುಕೊಟ್ಟ. ಅಗಲವಾದ ರನ್‌ವೇ, ಜನರು ದೂರ. ಶೆಲ್ಬಿ ಬೆಳೆದದ್ದು ಇಂಥ ವಿಮಾನ ಪಟ್ಟಿಗಳ ಕಾಲದಲ್ಲೇ.

ಇನ್ನು ಆ ಬಟ್ಟೆಯ ವಿಷಯ. 1953ರ ಆಗಸ್ಟಿನಲ್ಲಿ ಫೋರ್ಟ್‌ವರ್ತ್ ಹತ್ತಿರದ ಈಗಲ್ ಮೌಂಟನ್ ನೆಲೆಯಲ್ಲಿ ರೇಸಿತ್ತು. ಬಿಸಿಲು ಸುಡುತ್ತಿತ್ತು. ಶೆಲ್ಬಿ ಕೋಳಿ ಕೆಲಸದಿಂದ ನೇರ ಅಲ್ಲಿಗೆ ಹೋದ. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಅಲ್ಲಿನ ರೈತರು ತೊಡುವ, ಎದೆಯವರೆಗೂ ಬರುವ, ಹೆಗಲ ಮೇಲೆ ಎರಡು ಪಟ್ಟಿಯಿರುವ ಗೀರು ಗೀರಿನ ಪ್ಯಾಂಟು ಮೈಮೇಲಿತ್ತು. ಹಾಗೇ ಕಾರು ಹತ್ತಿದ, ಗೆದ್ದ. ಪತ್ರಿಕೆಯವರು ಗೆಲುವಿಗಿಂತ ಪ್ಯಾಂಟಿನ ಬಗ್ಗೆಯೇ ಹೆಚ್ಚು ಬರೆದರು. ಜಾಣ ಶೆಲ್ಬಿ ಅಂದಿನಿಂದ ಅದನ್ನು ಬಿಡಲೇ ಇಲ್ಲ. ಮೊದಲ ದಿನ ಅದು ಅವಸರ, ಆಮೇಲಿನದು ಲೆಕ್ಕಾಚಾರ ಎಂದು ನನಗೆ ಅನಿಸುತ್ತದೆ. ಸಿರಿವಂತರ ಗುಂಪಿನಲ್ಲಿ ಕೋಳಿಯವನು ಎದ್ದು ಕಾಣಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

1954ರ ಜನವರಿಯಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ 1,000 ಕಿಲೋಮೀಟರ್ ರೇಸಿಗೆ ಹೋದಾಗ ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ತಂಡದ ಜಾನ್ ವೈಯರ್ ಕಣ್ಣಿಗೆ ಬಿದ್ದ. ದೊಡ್ಡ ತಂಡದ ಬಾಗಿಲು ತೆರೆದದ್ದು ಅಲ್ಲಿಂದ. 1959ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ರೇಸನ್ನು ರಾಯ್ ಸಾಲ್ವಡೋರಿ ಜೊತೆ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಗೆದ್ದ. ಆಗಲೂ ಮೈಮೇಲೆ ಅದೇ ರೈತರ ಪ್ಯಾಂಟು.

ವಾಸಿಯಾಯಿತೆಂದುಕೊಂಡಿದ್ದ ಹೃದಯ ಮತ್ತೆ ನೋಯತೊಡಗಿತು. 1960ರಲ್ಲಿ ನಾಲಿಗೆಯ ಕೆಳಗೆ ನೈಟ್ರೋಗ್ಲಿಸರಿನ್ ಮಾತ್ರೆ ಇಟ್ಟುಕೊಂಡು ರೇಸ್ ಓಡಿಸಿದ. ಆ ವರ್ಷವೇ ಸ್ಟಿಯರಿಂಗ್ ಬಿಟ್ಟ. ಎರಡು ವರ್ಷದ ಮೇಲೆ ಬ್ರಿಟನ್ನಿನ ಏಸಿ ಕಾರಿಗೆ ಅಮೆರಿಕದ ಫೋರ್ಡ್ ಎಂಜಿನ್ ಕೂರಿಸಿ ಕೋಬ್ರಾ ಎಂಬ ಕಾರು ತಯಾರಿಸಿದ. ಹಳೆಯ ಅಲರ್ಡಿನದೇ ಉಪಾಯ, ಈ ಸಲ ತನ್ನ ಹೆಸರಿನಲ್ಲಿ.