ನಗೆಯ ಸಿನಿಮಾ ಊರಿಗೆ ಬಂದ ದಾರಿ

ಸಿನಿಮಾ ಸೇರಬೇಕೆಂದರೆ ಊರು ಬಿಡಬೇಕು ಎಂಬುದು ಬಹುಕಾಲದ ಕಟ್ಟಳೆಯಾಗಿತ್ತು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿಯೇ ನಟಿ, ಗಾಯಕಿಯಾದರು. 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳು ಅವರ ಹೆಸರನ್ನು ದೇಶದ ತುಂಬ ಹಬ್ಬಿಸಿದವು. ಇಂದು ಅದೇ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ನಾಲ್ಕಾರು ಗೆಳೆಯರು ಕೂಡಿದರೆ ಒಂದು ನಗೆಚಿತ್ರ ಸಿದ್ಧವಾಗುತ್ತದೆ. ಸ್ಟುಡಿಯೋ ಇಲ್ಲ, ನಿರ್ಮಾಪಕ ಇಲ್ಲ, ಮೊಬೈಲೇ ಕ್ಯಾಮೆರಾ. ಈ ನಡುವೆ ಬದಲಾದದ್ದು ಯಂತ್ರ ಮಾತ್ರವೆ?

ನಗಿಸುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ಅಪರಾಳ ತಮ್ಮಣ್ಣ ರಚಿಸಿದ, ಕುಲಗೋಡ ತಮ್ಮಣ್ಣ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ ಸಣ್ಣಾಟ ಇಲ್ಲಿಯ ಜನರನ್ನು ಬೆಳತನಕ ಕೂರಿಸುತ್ತಿತ್ತು. ಕಥೆ ದೇವಲೋಕದ ಹೂವಿನದು. ಜಗಳ ಮಾತ್ರ ಮನೆಮನೆಯ ಸವತಿಯರದು. ಭಾಗವತ ಕೆಣಕುತ್ತಾನೆ, ದೂತಿ ಆಡುಮಾತಿನಲ್ಲೇ ತಿರುಗಿ ಕೊಡುತ್ತಾಳೆ, ಸಭೆ ನಗುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಈ ಆಟಕ್ಕೆ ನಾಡಿನಾಚೆಗೂ ಹೆಸರು ತಂದರು.

ಜಾತ್ರೆಯ ನಾಟಕಗಳದು ಇನ್ನೊಂದು ಪರಂಪರೆ. ಊರ ಹುಡುಗರು ಪಟ್ಟಿ ಎತ್ತಿ ಹಣ ಕೂಡಿಸುವುದು, ಪೇಟಿ ಮಾಸ್ತರರನ್ನು ಕರೆಸಿ ರಾತ್ರಿ ತಾಲೀಮು ನಡೆಸುವುದು, ಸೀನರಿಯನ್ನೂ ನಟಿಯರನ್ನೂ ಹೊರಗಿನಿಂದ ಗೊತ್ತು ಮಾಡುವುದು ಉತ್ತರ ಕರ್ನಾಟಕದ ಹಳ್ಳಿಗಳಿಗೆಲ್ಲ ಪರಿಚಿತ. ಹಗಲು ಹೊಲದಲ್ಲೋ ಮಗ್ಗದ ಮುಂದೋ ದುಡಿದವನೇ ರಾತ್ರಿ ಹಾಸ್ಯಪಾತ್ರಧಾರಿ.

ಹಾಗಾದರೆ ಇವರೇ ಸಿನಿಮಾ ಯಾಕೆ ಮಾಡಲಿಲ್ಲ? ಉತ್ತರ ಫಿಲ್ಮಿನ ಅಳತೆಯಲ್ಲಿದೆ. 35 ಮಿ.ಮೀ. ಫಿಲ್ಮು ಕ್ಯಾಮೆರಾದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. 1,000 ಅಡಿಯ ಸುರುಳಿ 11 ನಿಮಿಷಕ್ಕೆ ಮುಗಿದೇ ಹೋಗುತ್ತದೆ. ಅದನ್ನು ತೊಳೆಸಿ, ಪ್ರಿಂಟು ಹಾಕಿಸುವ ಖರ್ಚು ಬೇರೆ. ಗೆಳೆಯರು ಕೂಡಿ ಹಾಸ್ಯ ಮಾಡುವಾಗ ಮಾತಿನ ನಡುವೆ ತಾವೇ ನಕ್ಕುಬಿಡುವುದು ಸಹಜ. ಫಿಲ್ಮಿನ ಕಾಲದಲ್ಲಿ ಆ ನಗುವಿಗೂ ಅಡಿ ಲೆಕ್ಕದಲ್ಲಿ ದುಡ್ಡು ತೆರಬೇಕಿತ್ತು.

ದುಡ್ಡಿದ್ದ ಕಡೆಯ ಭಾಷೆಯೇ ತೆರೆಯ ಭಾಷೆಯೂ ಆಯಿತು. ‘ನಾಗಮಂಡಲ’ದಂಥ (1997) ಚಿತ್ರಗಳನ್ನು ಬಿಟ್ಟರೆ ಬಹುಪಾಲು ಕನ್ನಡ ಚಿತ್ರಗಳ ನಾಯಕ ಬೆಂಗಳೂರು-ಮೈಸೂರು ಕಡೆಯ ಕನ್ನಡ ಆಡಿದ. ಉತ್ತರ ಕರ್ನಾಟಕದ ಮಾತು ಬಂದರೆ ಅದು ಹೆಚ್ಚಾಗಿ ನಗೆಪಾತ್ರದ ಬಾಯಲ್ಲಿ. ಜೋಕು ಕೇಳಿ ನಗುವುದು ಬೇರೆ, ಆಡುವವನ ಮಾತಿನ ಧಾಟಿಗೇ ನಗುವುದು ಬೇರೆ.

ಈ ಬಿಗಿಯನ್ನು ಮೊದಲು ಸಡಿಲಿಸಿದ್ದು ವಿಡಿಯೊ. ಮಹಾರಾಷ್ಟ್ರದ ಮಾಲೇಗಾಂವ್ ರಬಕವಿ-ಬನಹಟ್ಟಿಯಂತೆಯೇ ವಿದ್ಯುತ್ ಮಗ್ಗಗಳ ಊರು. ಅಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಗೆಳೆಯರನ್ನು ಕಟ್ಟಿಕೊಂಡು ‘ಶೋಲೆ’ಯ ಅಣಕವಾಗಿ ‘ಮಾಲೇಗಾಂವ್ ಕೆ ಶೋಲೆ’ ತೆಗೆದರು. ಅವರ ತಂಡಕ್ಕೆ ಸೈಕಲ್ಲೇ ಟ್ರಾಲಿ, ಎತ್ತಿನ ಬಂಡಿಯೇ ಕ್ರೇನು. ಅವರ ಸಾಹಸದ ಕುರಿತು ‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ಎಂಬ ಸಾಕ್ಷ್ಯಚಿತ್ರವೂ ಬಂತು.

2005ರಲ್ಲಿ ಯೂಟ್ಯೂಬ್ ಹುಟ್ಟಿತು. 2016ರ ನಂತರ ಮೊಬೈಲ್ ಇಂಟರ್‌ನೆಟ್ ಅಗ್ಗವಾಯಿತು. ಚಿತ್ರ ತೆಗೆಯುವ ಖರ್ಚಿನ ಜತೆ ತೋರಿಸುವ ಖರ್ಚೂ ಇಳಿಯಿತು. ಊರಿನ ಹೆಸರನ್ನೇ ಹೊತ್ತ ‘ಮಲ್ಲು ಜಮಖಂಡಿ’ ಚಾನೆಲ್‌ನಂಥವು ಬೆಳೆದದ್ದು ಈ ಗಾಳಿಯಲ್ಲಿ. ಇಲ್ಲಿ ನಾಯಕನೂ ಖಳನೂ ಒಂದೇ ಸೀಮೆಯ ಮಾತು ಆಡುತ್ತಾರೆ. ಆದ್ದರಿಂದ ನಗು ಭಾಷೆಯ ಮೇಲಿಂದ ಇಳಿದು ಪ್ರಸಂಗದ ಮೇಲೆ ಕೂರುತ್ತದೆ. ನಡುವೆ ಯಾರಾದರೂ ನಕ್ಕರೆ ಮತ್ತೊಮ್ಮೆ ತೆಗೆದರಾಯಿತು.

ಖರ್ಚು ಇಳಿದರೂ ಹೊಣೆ ಇಳಿದಿಲ್ಲ. ಹೆಂಡತಿಯನ್ನು, ಕಿವುಡನನ್ನು, ಬಡವನನ್ನು ಗೇಲಿ ಮಾಡುವ ಸುಲಭದ ಹಾದಿ ಮೊಬೈಲಿಗೂ ಗೊತ್ತು. ಹೊರಗಿನವರ ನಗೆಗೆ ಗುರಿಯಾಗಿದ್ದ ಸೀಮೆ ತನ್ನೊಳಗಿನ ದುರ್ಬಲರನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ಗಳಿಸಿದ್ದೇನು? ಹಳೆಯ ಆಟ ಇದಕ್ಕೊಂದು ದಾರಿ ತೋರಿಸಿದೆ. ಪಾರಿಜಾತದಲ್ಲಿ ಇಬ್ಬರು ಹೆಂಡಿರ ನಡುವೆ ಸಿಕ್ಕು ಪೇಚಾಡುವವನು, ನಗೆಗೆ ಈಡಾಗುವವನು ಸಾಕ್ಷಾತ್ ಕೃಷ್ಣ ಪರಮಾತ್ಮ.