ಬೆಳ್ಳಿ ತೋರಿಸಿದ ಇಲಿಜ್ವರ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೇಸಿಗೆ ಜ್ವರ ಅಂದ್ರೆ ಮಂಗನಕಾಯಿಲೆ ಭಯ, ಮಳೆಗಾಲದಲ್ಲಿ ಇಲಿಜ್ವರದ ಭಯ. ಇಲಿಜ್ವರ ತರೋ ಬ್ಯಾಕ್ಟೀರಿಯಾ ಲೆಪ್ಟೋಸ್ಪೈರಾ. ದಪ್ಪ ಬರೀ 0.1 ಮೈಕ್ರೊಮೀಟರ್. ಲ್ಯಾಬಿನ ಮಾಮೂಲಿ ಗ್ರಾಮ್ ಬಣ್ಣ ಹಾಕಿದ್ರೂ ಸರಿಯಾಗಿ ಕಾಣಲ್ಲ.

ಮತ್ತೆ ಕಂಡಿದ್ದು ಹೇಗೆ? 1907ರಲ್ಲಿ ಅಮೆರಿಕದ ಆರ್ಥರ್ ಸ್ಟಿಮ್ಸನ್, ಸತ್ತ ರೋಗಿಯೊಬ್ಬರ ಮೂತ್ರಪಿಂಡದ ಚೂರಿಗೆ ಬೆಳ್ಳಿಯ ಲವಣ ಹಾಕಿ ನೋಡಿದರು. ಬ್ಯಾಕ್ಟೀರಿಯಾದ ಮೈಮೇಲೆ ಬೆಳ್ಳಿ ಕಪ್ಪಗೆ ಕೂತು, ಸಪೂರ ಎಳೆ ದಪ್ಪಗೆ ಕಂಡಿತು. ತುದಿ ಕೊಕ್ಕೆ ಥರ, ಪ್ರಶ್ನೆ ಚಿಹ್ನೆ ಹಾಗೆ! ಅದಕ್ಕೇ ‘ಇಂಟರೊಗಾನ್ಸ್’ ಅಂತ ಹೆಸರಿಟ್ಟರು. ಆದ್ರೆ ರೋಗಿ ಸತ್ತಿದ್ದು ಹಳದಿ ಜ್ವರದಿಂದ ಅಂದ್ಕೊಂಡಿದ್ರು. ಸರಿಯಾದ ಉತ್ತರ ಕೊಟ್ಟಿದ್ದು 1915ರಲ್ಲಿ, ಜಪಾನಿನ ಇನಾಡಾ ತಂಡ.

ಇವತ್ತು ರಕ್ತಪರೀಕ್ಷೆ ಇದೆ, ಬೇಗ ಶುರುಮಾಡಿದ್ರೆ ಆಂಟಿಬಯೋಟಿಕ್ ಕೆಲಸ ಮಾಡುತ್ತೆ. ಜ್ವರ ಬಂದ್ರೆ, ಗದ್ದೆ ನೀರಿಗೆ ಇಳಿದಿದ್ದನ್ನ ಡಾಕ್ಟರ್‌ಗೆ ಹೇಳೋದು ಮರೀಬೇಡಿ.