ನವೆಂಬರ್ 1: ಈ ದಿನದ ಘಟನೆಗಳು, ಜನನ, ಮರಣ



ಕಳೆದ ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ನಾವು ಒಂದು ತಪ್ಪು ಮಾಡಿದೆವು. ‘ಆದವಾನಿ ಆಂಧ್ರಕ್ಕೆ ಸೇರಿದ್ದು ಯಾವಾಗ?’ ಎಂದು ಕೇಳಿ, 1956ರ ನವೆಂಬರ್ 1 ಎಂದವರಿಗೆ ಅಂಕ ಕೊಟ್ಟೆವು. ಆ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಎದ್ದು ನಿಂತು, ‘ಅಲ್ಲ ಸರ್, 1953’ ಎಂದಳು. ನಾವು ಅವಳನ್ನು ಕೂರಿಸಿದೆವು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದಾಗ ಅವಳು ಹೇಳಿದ್ದೇ ಸರಿ. ಆಮೇಲೆ ಬಹುಮಾನವನ್ನು ಅಂಚೆಯಲ್ಲಿ ಕಳಿಸಿದೆವಾದರೂ, ಸಭೆಯಲ್ಲಿ ಸಿಗಬೇಕಾದ ಚಪ್ಪಾಳೆಯನ್ನು ಅಂಚೆಯಲ್ಲಿ ಕಳಿಸಲಾಗಲಿಲ್ಲ.

ಆದ್ದರಿಂದ ಈ ವರ್ಷ ನವೆಂಬರ್ 1ರ ದಿನವಿಶೇಷವನ್ನು ಮೊದಲೇ ಹಾಕುತ್ತಿದ್ದೇವೆ. ಒಂದೇ ತಾರೀಕು ಎಲ್ಲ ಊರಿಗೂ ಒಂದೇ ಸುದ್ದಿ ತರಲಿಲ್ಲ ಎಂಬುದನ್ನು ಗಮನದಲ್ಲಿಟ್ಟು ಓದಬೇಕಾಗಿ ವಿನಂತಿ.

1956ಕ್ಕೆ ಮೊದಲು

1755: ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲಿ ಮಹಾ ಭೂಕಂಪ. ಅದು ಕ್ರೈಸ್ತರ ಸರ್ವ ಸಂತರ ಹಬ್ಬದ ಬೆಳಿಗ್ಗೆ. ಜನ ಇಗರ್ಜಿಗಳಲ್ಲಿ ಸೇರಿದ್ದ ಹೊತ್ತು. ಆಗ ಗೋವೆಯನ್ನು ಆಳುತ್ತಿದ್ದುದು ಇದೇ ಲಿಸ್ಬನ್.

1858: ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಓದಿದ ದಿನ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಹೋಗಿ ರಾಣಿಯ ಆಡಳಿತ ಬಂತು. ಸೊಲ್ಲಾಪುರ, ಬಳ್ಳಾರಿ, ಹೊಸೂರು, ನೀಲಗಿರಿ, ಕಾಸರಗೋಡು ನೇರವಾಗಿ ಬ್ರಿಟಿಷ್ ಸರಕಾರದ ಕೆಳಗೆ ಬಂದವು. ಅಕ್ಕಲಕೋಟೆ ಮತ್ತು ಜತ್ತ ತಮ್ಮ ತಮ್ಮ ಅರಸರ ಕೈಯಲ್ಲೇ ಸಂಸ್ಥಾನಗಳಾಗಿ ಉಳಿದವು.

1913: ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ ಉರ್ದುವಿನಲ್ಲಿ ಹೊರಬಂತು.

1954: ಪುದುಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತವನ್ನು ಫ್ರೆಂಚರು ಭಾರತಕ್ಕೆ ವಹಿಸಿಕೊಟ್ಟರು.

1956: ಕೂಡಿದ್ದು, ಬಿಟ್ಟದ್ದು

ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದ ದಿನ. ದೇಶದಲ್ಲಿ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳಾದವು. ಹಳೆಯ ಮೈಸೂರಿಗೆ ಮುಂಬಯಿ ರಾಜ್ಯದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲಬರ್ಗಾ, ರಾಯಚೂರು, ಬೀದರ, ಮದ್ರಾಸಿನಿಂದ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ ತಾಲ್ಲೂಕು, ಜೊತೆಗೆ ಕೊಡಗು ಬಂದು ಸೇರಿದವು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ, ಜಯಚಾಮರಾಜ ಒಡೆಯರು ರಾಜ್ಯಪಾಲರು.

ಇಷ್ಟನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ. ಆದರೆ ಕಾಯ್ದೆಯಲ್ಲಿ ಜಿಲ್ಲೆಗಳ ಹೆಸರಿನ ಪಕ್ಕದಲ್ಲೇ ‘ಹೊರತುಪಡಿಸಿ’ ಎಂಬ ಮಾತೂ ಬರುತ್ತದೆ. ನಮ್ಮ ಹಲವು ಊರುಗಳು ಇರುವುದು ಆ ಮಾತಿನೊಳಗೆ.

*ಕಾಸರಗೋಡು:* ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂದದ್ದು ಕಾಸರಗೋಡು ತಾಲ್ಲೂಕು ಮತ್ತು ಅಮೀನದೀವಿ ದ್ವೀಪಗಳನ್ನು ಹೊರತುಪಡಿಸಿ. ತಾಲ್ಲೂಕು ಕೇರಳಕ್ಕೆ ಹೋಯಿತು. ಅದುವರೆಗೆ ಮಂಗಳೂರಿನ ಕಲೆಕ್ಟರರ ಕೆಳಗಿದ್ದ ದ್ವೀಪಗಳು ಇಂದಿನ ಲಕ್ಷದ್ವೀಪಕ್ಕೆ ಸೇರಿದವು.

*ವಯನಾಡು:* ಮದ್ರಾಸಿನ ಮಲಬಾರ್ ಜಿಲ್ಲೆಯೊಂದಿಗೆ ಕೇರಳಕ್ಕೆ ಸೇರಿತು. ಕೇರಳದಲ್ಲಿ ಈ ದಿನ ‘ಕೇರಳ ಪಿರವಿ’, ರಾಜ್ಯದ ಹುಟ್ಟುಹಬ್ಬ. ಹಾಗಾಗಿ ಗಡಿಯ ಎರಡೂ ಕಡೆ ಒಂದೇ ದಿನ ಹಬ್ಬ.

*ಹೊಸೂರು, ತಾಳವಾಡಿ, ನೀಲಗಿರಿ:* ಇವು ಎಲ್ಲಿಗೂ ಹೋಗಲಿಲ್ಲ, ಮದ್ರಾಸಿನಲ್ಲೇ ಉಳಿದವು. ತಾಳವಾಡಿಯ ನೆರೆಯ ಕೊಳ್ಳೇಗಾಲ ಮಾತ್ರ ಮೈಸೂರಿಗೆ ಬಂತು. ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರಲ್ಲಿ.

*ಸೊಲ್ಲಾಪುರ, ಅಕ್ಕಲಕೋಟೆ, ಜತ್ತ:* ಎರಡೂ ಸಂಸ್ಥಾನಗಳು 1948ರಲ್ಲೇ ಮುಂಬಯಿ ಪ್ರಾಂತಕ್ಕೆ ವಿಲೀನವಾಗಿದ್ದವು. 1956ರಲ್ಲಿ ಮೂರೂ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿ ಉಳಿದವು. ಮಹಾರಾಷ್ಟ್ರವಾದದ್ದು 1960ರ ಮೇ 1ರಂದು.

*ಆದವಾನಿ, ಆಲೂರು, ರಾಯದುರ್ಗ:* ಬಳ್ಳಾರಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ರಂದು, ಬಳ್ಳಾರಿ ಮೈಸೂರಿಗೆ ಬಂದ ದಿನವೇ. ಮಡಕಶಿರ ಅನಂತಪುರ ಜಿಲ್ಲೆಯಲ್ಲಿದ್ದುದರಿಂದ ಅದೂ ಅಂದೇ ಮದ್ರಾಸು ಬಿಟ್ಟು ಆಂಧ್ರವಾಯಿತು. 1956ರಲ್ಲಿ ಆದದ್ದು ಇಷ್ಟೆ: ಆಂಧ್ರಕ್ಕೆ ತೆಲಂಗಾಣ ಕೂಡಿ ಆಂಧ್ರ ಪ್ರದೇಶವಾಯಿತು.

*ಪಶ್ಚಿಮ ತೆಲಂಗಾಣ:* ಗುಲಬರ್ಗಾ ಜಿಲ್ಲೆ ಬಂದದ್ದು ಕೊಡಂಗಲ್, ತಾಂಡೂರು ಬಿಟ್ಟು. ರಾಯಚೂರು ಬಂದದ್ದು ಗದ್ವಾಲ್, ಆಲಂಪುರ ಬಿಟ್ಟು. ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳು ಆಂಧ್ರ ಪ್ರದೇಶಕ್ಕೆ, ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿಗೆ ಹೋದವು.

*ಗೋವೆ:* ಅಂದು ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಬಿಡುಗಡೆ 1961ರ ಡಿಸೆಂಬರ್ 19.

ಗೆರೆ ಎಳೆದಲ್ಲಿ ಎರಡೂ ಬದಿಗೆ ನೋವಿರುತ್ತದೆ. ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಇದೇ ದಿನವನ್ನು ಕರಾಳ ದಿನವೆಂದು ಆಚರಿಸುತ್ತಾರೆ. ಅವರ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ತಮ್ಮ ಭಾಷೆಯ ರಾಜ್ಯದ ಹೊರಗೆ ಉಳಿದೆವಲ್ಲ ಎಂಬ ಅಳಲು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ವ್ಯಾಜ್ಯಗಳಿಗಾಗಿ 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಭಾಗ ಮೈಸೂರಿಗೆ ಸೇರಬೇಕೆಂದು ಅದರಲ್ಲಿತ್ತು. ಅದು ಇಂದಿಗೂ ಜಾರಿಯಾಗಿಲ್ಲ.

1956ರ ನಂತರ

1966: ಪಂಜಾಬಿನಿಂದ ಬೇರೆಯಾಗಿ ಹರಿಯಾಣ ರಾಜ್ಯವಾಯಿತು. ಚಂಡೀಗಢ ಕೇಂದ್ರಾಡಳಿತ ಪ್ರದೇಶವಾಯಿತು.

1973: ಮೈಸೂರು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು. ಮುಖ್ಯಮಂತ್ರಿ ಡಿ. ದೇವರಾಜ ಅರಸರು. ರಾಜ್ಯ ಕೂಡಿ ಬಂದು ಆಗ 17 ವರ್ಷವಾಗಿತ್ತು.

1980: ವಯನಾಡು ಕೇರಳದ 12ನೆಯ ಜಿಲ್ಲೆಯಾಯಿತು. ಅಲ್ಲಿಯ ಸದಸ್ಯರಿಗೆ ಈ ದಿನ ಮೂರು ಬಗೆಯ ಹುಟ್ಟುಹಬ್ಬ.

2000: ಮಧ್ಯಪ್ರದೇಶದಿಂದ ಬೇರೆಯಾಗಿ ಛತ್ತೀಸಗಢ ರಾಜ್ಯವಾಯಿತು.

2014: ಕರ್ನಾಟಕದ 12 ನಗರಗಳ ಹೆಸರು ಕನ್ನಡದ ಉಚ್ಚಾರಕ್ಕೆ ಬದಲಾಯಿತು. ಬೆಂಗಳೂರು ಇಂಗ್ಲಿಷಿನಲ್ಲೂ ಬೆಂಗಳೂರಾಯಿತು. ಗುಲಬರ್ಗಾ ಕಲಬುರಗಿ, ಬಿಜಾಪುರ ವಿಜಯಪುರ ಆದವು.

2022: ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಪ್ರದಾನ.

ಜನನ

1880: ಆಲ್ಫ್ರೆಡ್ ವೆಗೆನರ್, ಜರ್ಮನ್ ವಿಜ್ಞಾನಿ. ಒಂದು ಕಾಲಕ್ಕೆ ಕೂಡಿದ್ದ ಭೂಖಂಡಗಳು ದೂರ ಸರಿದವು ಎಂದು ಹೇಳಿದವರು.

1973: ನಟಿ ಐಶ್ವರ್ಯಾ ರೈ, ಮಂಗಳೂರಿನಲ್ಲಿ. ರಾಜ್ಯಕ್ಕೆ ಹೊಸ ಹೆಸರು ಬಂದ ದಿನವೇ ಹುಟ್ಟಿದವರು.

1974: ಕ್ರಿಕೆಟ್ ಆಟಗಾರ ವಿ.ವಿ.ಎಸ್. ಲಕ್ಷ್ಮಣ್, ಹೈದರಾಬಾದಿನಲ್ಲಿ.

ಮರಣ

1873: ದೀನಬಂಧು ಮಿತ್ರ, ಬಂಗಾಳಿ ನಾಟಕಕಾರರು. ನೀಲಿ ಬೆಳೆಯುವ ರೈತರ ಮೇಲಿನ ದಬ್ಬಾಳಿಕೆಯನ್ನು ‘ನೀಲದರ್ಪಣ’ ನಾಟಕದಲ್ಲಿ ತೋರಿಸಿದವರು.

1950: ಬಿಭೂತಿಭೂಷಣ ಬಂದೋಪಾಧ್ಯಾಯ, ಬಂಗಾಳಿ ಕಾದಂಬರಿಕಾರರು. ಸತ್ಯಜಿತ್ ರಾಯ್ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ ಇವರ ಕಾದಂಬರಿಯಿಂದ ಆದದ್ದು.

ಭಾಷಣ ಬರೆಯುವವರಿಗೆ

ಮೂರು ತಪ್ಪುಗಳು ಪ್ರತಿವರ್ಷ ಕಾಣುತ್ತವೆ. ಒಂದು, 1956ರಲ್ಲಿ ಕರ್ನಾಟಕ ಎಂಬ ಹೆಸರು ಬಂತು ಎನ್ನುವುದು, ಬಂದದ್ದು 1973ರಲ್ಲಿ. ಎರಡು, ಬಳ್ಳಾರಿ 1956ರಲ್ಲಿ ಬಂತು ಎನ್ನುವುದು, ಬಂದದ್ದು 1953ರಲ್ಲಿ. ಮೂರು, ‘ಕನ್ನಡಿಗರೆಲ್ಲ ಒಂದಾದ ದಿನ’ ಎನ್ನುವುದು. ‘ಎಲ್ಲ’ ಎಂಬ ಆ ಪದ ನಮ್ಮ ವೇದಿಕೆಯಲ್ಲಿ ಬೇಡ. ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಅಂದು ಒಂದಾಗದೆ ಉಳಿದ ಊರುಗಳವರು. ಆದರೂ ಧ್ವಜ ಹಾರಿಸಲು ಬೆಳಿಗ್ಗೆ ಎದ್ದು ಬಂದವರು.

ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಳೆಯ ಶಾಲಾ ಸರ್ಟಿಫಿಕೇಟು, ಪಹಣಿ, ಕಂದಾಯದ ರಸೀದಿಗಳಲ್ಲಿ ಜಿಲ್ಲೆ ಮತ್ತು ರಾಜ್ಯದ ಹೆಸರು ಏನಿದೆ, ಯಾವ ವರ್ಷ ಬದಲಾಯಿತು ಎಂದು ನೋಡಿ ನಮಗೆ ಬರೆಯಿರಿ. ಊರೂರಿನ ತಾರೀಕುಗಳ ಒಂದು ಪಟ್ಟಿ ಮಾಡಿ ಮಕ್ಕಳ ಕೈಗೆ ಕೊಡುವ ಆಸೆಯಿದೆ. ವರ್ಷ ಕಾಣದಿದ್ದರೆ ಆ ಜಾಗ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ನಾವು ಪಾಲಿಸಿದ ನಿಯಮ ಅದು. ಹೋದ ವರ್ಷ ಒಮ್ಮೆ ಮರೆತೆವು, ಒಬ್ಬ ಹುಡುಗಿ ನೆನಪಿಸಿದಳು.

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು.

ಕಾರ್ಯದರ್ಶಿ